ಆಟಕ್ಕೆ ಮುಂಚಿನ ಪ್ರಾರ್ಥನೆ

ಉದ್ದಣ್ಣಾ,

ನೀನು ಓದುವುದಿಲ್ಲವೆಂದು ಗೊತ್ತು, ಆದರೂ ನಿನಗೆ ಹೇಳದಿದ್ದರೆ ನನಗೆ ನಿದ್ದೆ ಹತ್ತುವುದಿಲ್ಲ.

ಇವತ್ತು ಚರ್ಚುಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಶುರುವಾಯಿತು. ನೀನು ತೀರಿಕೊಂಡ ಮೇಲೆ ನಮ್ಮ ತಂಡ ಆಡುವುದು ಇದೇ ಮೊದಲು. ಎರಡೂ ತಂಡದವರು ಕೈ ಕೈ ಹಿಡಿದು ದುಂಡಗೆ ನಿಂತೆವು. ಪಾದ್ರಿಗಳು ನನ್ನ ಕಡೆ ತಿರುಗಿ, "ಇವತ್ತು ನೀನೇ ಪ್ರಾರ್ಥನೆ ಮಾಡಪ್ಪ" ಎಂದುಬಿಟ್ಟರು. ಅದು ನಿನ್ನ ಕೆಲಸ. ನಾನು ಬಾಯಿ ತೆರೆದರೆ, "ಪ್ರಾರ್ಥನೆ ಮಾಡ್ತಿದ್ದೀಯೋ, ದೇವರಿಗೇ ಭಯ ಹುಟ್ಟಿಸ್ತಿದ್ದೀಯೋ?" ಎಂದು ನಗುತ್ತಿದ್ದವನು ನೀನು.

ಅರ್ಧಕ್ಕೇ ಶಾಲೆ ಬಿಟ್ಟವನಿಗೆ ದೊಡ್ಡ ಮಾತು ಎಲ್ಲಿಂದ ಬರಬೇಕು? ನೀನು ಆಸ್ಪತ್ರೆಯಲ್ಲಿದ್ದಾಗ ದಿನವೂ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡ ಮಾತೇ ಬಂತು: "ಸ್ವಾಮೀ, ನಮ್ಮ ಉದ್ದಣ್ಣನ್ನ ಬೇಗ ಎಬ್ಬಿಸಪ್ಪಾ, ಅವನು ಆಡ್ಬೇಕು."

ಏನು ಹೇಳಿದೆನೆಂದು ಹೇಳಿದ ಮೇಲೆ ಗೊತ್ತಾಯಿತು. ಎದುರು ತಂಡದವರು ನಗುತ್ತಾರೇನೋ, ಪಾದ್ರಿಗಳು ಬೈಯುತ್ತಾರೇನೋ, ದೇವರಿಗೂ ಸಿಟ್ಟು ಬಂತೇನೋ ಎಂದು ನಾನು ಕಣ್ಣೇ ತೆರೆಯಲಿಲ್ಲ. ಆಮೇಲೆ ಬೆಂಚಿನ ಮೇಲೆ ಕುಳಿತಿದ್ದ ನಿನ್ನ ಅಮ್ಮ ಗಟ್ಟಿಯಾಗಿ "ಆಮೆನ್" ಎಂದರು.

ಅವರ ಹಿಂದೆಯೇ ಎಲ್ಲರೂ ಎಂದರು. ನನಗೊಬ್ಬನಿಗೇ ಬಾಯಿ ಬರಲಿಲ್ಲ ಕಣೋ.