ಒಂದೇ ಎಳೆತದ ಗಂಟು

ಜುಲೈ 8, 1963. ಸೋಮವಾರ

ರೊಟ್ಟಿ ಹಂಚಿ ಬರುವಷ್ಟರಲ್ಲಿ ಹತ್ತು ಗಂಟೆ. ಮೇಲಿನ ಊರಿಗೆ ಹದಿನೆಂಟು, ಗಿರಣಿ ಮನೆಗೆ ನಾಲ್ಕು. ಏರಿನಲ್ಲಿ ಸೈಕಲ್ ತಳ್ಳಿದೆ. ಇಳಿಯುವಾಗ ಬುಟ್ಟಿ ಖಾಲಿ. ಅಪ್ಪನ ಕಾಲದ ಸೈಕಲ್ಲು, ಹಿಂದಿನ ಬ್ರೇಕ್ ಮತ್ತೆ ಕೀರಲು ಶುರು.

ಅಣ್ಣ ಅದೆರಿತೊ ಕಲ್ಲುಕ್ವಾರಿಯಿಂದ ಬಂದವನು ಕೈಯೂ ತೊಳೆಯಲಿಲ್ಲ. ಈ ಸಲದ ಸೈಕಲ್ ರೇಸು ನಮ್ಮೂರು ಪೆನೆಡಾಲ್ ಮೇಲೇ ಹೋಗುತ್ತದಂತೆ! ಲಮೆಗೊದಿಂದ ಹೊರಟು, ಬೆಟ್ಟ ಹತ್ತಿ, ನಮ್ಮೂರೊಳಗೆ ಇಳಿದು, ಹೊಳೆ ದಾಟಿ ಮತ್ತೆ ಲಮೆಗೊ. ತೊಂಬತ್ತೆರಡು ಕಿಲೋಮೀಟರ್. ಆಗಸ್ಟ್ ನಾಲ್ಕಕ್ಕೆ. ಪೋರ್ತೊ ಪಟ್ಟಣದ ಒಂದು ಸೈಕಲ್ ಕ್ಲಬ್ಬಿನವರು ನೋಡಲು ಬರುತ್ತಾರೆ. ಗೆದ್ದವನಿಗೆ ಅವರ ತಂಡದಲ್ಲಿ ಜಾಗ. ಒಳ್ಳೆಯ ಸೈಕಲ್ಲು, ಪೋರ್ತೊದಲ್ಲಿ ಕೋಣೆ. ಇಲ್ಲವಾದರೆ ಕ್ವಾರಿ. ಸಾಯುವವರೆಗೂ ಕಲ್ಲಿನ ದೂಳು.

"ಲೇ ತಿನಾ, ಆ ಇಳಿಜಾರು ನಿನ್ನಷ್ಟು ಗೊತ್ತಿರೋರು ಈ ಸೀಮೇಲೇ ಇಲ್ಲ. ಒಂದೊಂದು ತಿರುವೂ ಬರ್ಕೊಡೇ."

ಬರೆದುಕೊಡುತ್ತೇನೆ. ನಾಲ್ಕನೇ ಕ್ಲಾಸಿಗೆ ಬಿಡಿಸಿದರೂ ಅಕ್ಷರ ದುಂಡಗಿದೆ. ನನಗೆ ಬಾರದಿರುವುದು ಮಾತು.

ಜುಲೈ 14. ಭಾನುವಾರ

ಪೂಜೆ ಮುಗಿಸಿ ಬೆಟ್ಟಕ್ಕೆ ಹೋದೆ. ನೆತ್ತಿಯ ಗಾಳಿಗಿರಣಿಯಿಂದ ನಮ್ಮ ಇಗರ್ಜಿವರೆಗೆ ಐದು ಕಿಲೋಮೀಟರ್, ಇಪ್ಪತ್ತೊಂದು ತಿರುವು. ಎಲ್ಲದರಲ್ಲೂ ಇಳಿದು ಬರೆದುಕೊಂಡೆ.

ಚೆಸ್ಟ್‌ನಟ್ ಮರದ ತಿರುವು — ನೆರಳು, ತೇವ, ಬ್ರೇಕ್ ಹಿಡಿ. ಜೇನುಪೆಟ್ಟಿಗೆ ತಿರುವು — ಬಿಡು. ಹೇಸರಗತ್ತೆ ಸತ್ತ ತಿರುವು — ಜಲ್ಲಿ, ಎಡಕ್ಕೆ ಅಂಟಿಕೊಂಡು ಹೋಗು. ವಿಧವೆ ಮನೆ ತಿರುವು — ನಾಯಿ.

ಕೊನೆಯದು ತೊಟ್ಟಿ ತಿರುವು, ಇಗರ್ಜಿಯ ಮುಂದೆ. ಕಲ್ಲು ಹಾಸಿದ ದಾರಿ. ಅಲ್ಲಿ ವೇಗ ಕಳೆದುಕೊಂಡವನು ಹೊಳೆಯ ಏರಿನಲ್ಲಿ ಹಿಂದೆ ಬೀಳುತ್ತಾನೆ. ಒಣಗಿದ್ದರೆ ಬಿಡು, ಒದ್ದೆಯಿದ್ದರೆ ಹಿಡಿ ಎಂದು ಬರೆದೆ. ಆದರೆ ಮೇಲಿನಿಂದ ಬರುವವನಿಗೆ ಕಲ್ಲು ಕಾಣುವುದಿಲ್ಲ, ಗೋಡೆ ಅಡ್ಡ. ಹೆಂಗಸರು ಯಾವಾಗ ನೀರು ಚೆಲ್ಲಿರುತ್ತಾರೋ, ಎತ್ತು ಯಾವಾಗ ಕುಡಿದು ಹೋಗಿರುತ್ತದೋ... ತೊಟ್ಟಿಯ ಪಕ್ಕದ ಶಿಲುಬೆ ಕಟ್ಟೆ ಮಾತ್ರ ದೂರದಿಂದಲೇ ಕಾಣುತ್ತದೆ.

ಜುಲೈ 21. ಭಾನುವಾರ

ಅಣ್ಣನೇ ಉಪಾಯ ಹುಡುಕಿದ.

"ನೀನು ಶಿಲುಬೆ ಕಟ್ಟೆ ಮೇಲೆ ನಿಂತ್ಕೋ. ತಿರುವು ಸರಿಯಿದ್ರೆ ವಸ್ತ್ರ ತಲೆ ಮೇಲೇ ಇರ್ಲಿ. ಏನಾದ್ರೂ ಇದ್ರೆ ಬಿಚ್ಚಿ ಕೈಲಿ ಹಿಡಿ. ಕೆಂಪಿನದು ಕಟ್ಕೋ, ನೂರು ಮೀಟರಿಂದ ಕಾಣ್ಸುತ್ತೆ."

"ಕೂಗಿದ್ರೆ ಆಗಲ್ವಾ?" ಅಂದೆ.

ಹೊಟ್ಟೆ ಹಿಡಿದುಕೊಂಡು ನಕ್ಕ. "ನೀನಾ? ಕೂಗೋದಾ? ರೊಟ್ಟಿ ಬೇಕಾ ಅಂತ ಕೇಳಕ್ಕೇ ಬಾಗಿಲಲ್ಲಿ ಮೂರು ಸಲ ಕೆಮ್ತೀಯಲ್ಲೇ!"

ಕ್ವಾರಿಯಲ್ಲಿ ಹಗ್ಗಕ್ಕೆ ಹಾಕುವ ಗಂಟು ಕಲಿಸಿದ. ತಾನಾಗಿ ಜಾರುವುದಿಲ್ಲ. ತುದಿ ಹಿಡಿದು ಒಂದು ಸಲ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಗದ್ದದ ಕೆಳಗೆ ಎಂಟು ಸಲ ಕಟ್ಟಿ ಬಿಚ್ಚಿದೆ. ಅವನು ಎರಡು ಸಲ ಮೇಲಿನಿಂದ ಇಳಿದು ಬಂದ. ಬಿಚ್ಚಿದಾಗ ಬ್ರೇಕ್ ಹಿಡಿದ. ಬಿಚ್ಚದಿದ್ದಾಗ ಗುಂಡಿನ ಹಾಗೆ ಹೋದ. ಗಾಳಿಗೆ ನನ್ನ ಲಂಗ ಹಾರಿತು.

"ನಾನು ದಾರಿ ನೋಡಲ್ಲ ಕಣೇ. ನಿನ್ನ ತಲೆ ನೋಡ್ತೀನಿ ಅಷ್ಟೆ," ಅಂದ.

ಆಗಸ್ಟ್ 2. ಶುಕ್ರವಾರ

ಇಡೀ ಊರಿಗೆ ರೇಸಿನ ಹುಚ್ಚು. ಸವಾರರು ತೊಟ್ಟಿ ದಾಟುವಾಗ ಪಾದ್ರಿಗಳು ಪವಿತ್ರ ಜಲ ಪ್ರೋಕ್ಷಿಸುತ್ತಾರಂತೆ. ಶಿಲುಬೆ ಕಟ್ಟೆ ಮೇಲೇ ನಿಲ್ಲುತ್ತಾರೆ, ಬಿಳಿ ನಿಲುವಂಗಿಯಲ್ಲಿ. ನನ್ನ ಪಕ್ಕದಲ್ಲೇ.

ಒಂದು ಹಳೆಯ ಸಂಗತಿ ನೆನಪಾಯಿತು. ಹನ್ನೊಂದು ವಯಸ್ಸು ಆಗ. ಪೂಜೆಯ ನಡುವೆ ತಲೆವಸ್ತ್ರ ಜಾರಿ ಭುಜಕ್ಕೆ ಬಿದ್ದಿತ್ತು. ಗೊತ್ತೇ ಆಗಿರಲಿಲ್ಲ. ಇದೇ ಪಾದ್ರಿಗಳು ಪ್ರಸಂಗ ನಿಲ್ಲಿಸಿ, "ಬರಿತಲೆಯವಳು ಹೊರಗೆ ನಡಿ," ಅಂದರು. ಬೆಂಚಿನಿಂದ ಬಾಗಿಲವರೆಗೆ ನಡೆದೆ. ಎಲ್ಲರೂ ತಿರುಗಿ ನೋಡಿದರು. ಅಮ್ಮ ಕೂಡ.

ಆಗಸ್ಟ್ 3. ಶನಿವಾರ, ಸಂಜೆ

ದೀಕ್ಷಾಸ್ನಾನದ ದಿನ ನನ್ನನ್ನು ಎತ್ತಿಕೊಂಡಿದ್ದ ಜ್ಞಾನತಾಯಿ ಫೆಲಿಜ್ಮಿನಾ ದೊಡ್ಡಮ್ಮ ಎರಡು ಗಾಡಿ ಸೊಪ್ಪು ಕೊಯ್ಯಿಸಿದ್ದಾಳೆ. ಸೋಂಪಿನ ಸೊಪ್ಪು, ಹೊಳೆದಂಡೆಯ ಜೊಂಡು, ಹೂವಿನ ಎಸಳು. ಸಂತರ ಮೆರವಣಿಗೆಗೆ ಹಾಸುವ ಹಾಗೆ ನಾಳೆ ತೊಟ್ಟಿಯ ಮುಂದೆ ಹಾಸುತ್ತಾರಂತೆ.

ರೊಟ್ಟಿ ಕೊಡುವ ನೆಪದಲ್ಲಿ ಹೋದೆ. "ದೊಡ್ಡಮ್ಮ... ಸೈಕಲ್ಲಿಗೆ..."

"ಸೈಕಲ್ಲಿಗೆ ಏನೇ? ಹೂ ಕಟ್ಬೇಕಾ?" ಹೆಂಗಸರೆಲ್ಲ ನಕ್ಕರು.

"ಅಲ್ಲ... ಸೊಪ್ಪು..."

"ಸೊಪ್ಪು ಸಾಲ್ದಾ? ನೋಡ್ರೇ, ಅಣ್ಣನ ಮೇಲೆ ಎಷ್ಟು ಆಸೆ! ಸಂತರು ಹೋಗುವಾಗ ಹಾಸ್ತೀವಿ, ನಮ್ಮ ಹುಡುಗ ಬರುವಾಗ ಬರೀ ಕಲ್ಲಾ? ಬಾಡದಂಗೆ ನೀರೂ ಹಾಕ್ತೀನಿ, ಹೋಗೇ ನೀನು."

ಬಂದುಬಿಟ್ಟೆ. ಅಣ್ಣ ಆಗಲೇ ಲಮೆಗೊಗೆ ಹೊರಟುಹೋಗಿದ್ದ, ರಾತ್ರಿ ಅಲ್ಲೇ ಮಲಗುತ್ತಾನೆ. ಪರವಾಗಿಲ್ಲ. ಗಂಟು ಇದೆಯಲ್ಲ. ಅದಕ್ಕೇ ತಾನೇ ಗಂಟು. ಬಾಯಿ ಬೇಕಿಲ್ಲ.

ಆಗಸ್ಟ್ 4. ಬೆಳಿಗ್ಗೆ 6

ಕೆಂಪು ವಸ್ತ್ರ ಕಟ್ಟಿಕೊಂಡೆ. ಎರಡು ಸಲ ಎಳೆದು ನೋಡಿದೆ. ಬರುತ್ತದೆ.

ಆಗಸ್ಟ್ 11. ಭಾನುವಾರ

ಬರೆಯಬೇಕು. ಬರೆಯದಿದ್ದರೆ ಒಳಗೇ ಕೊಳೆಯುತ್ತದೆ.

ಹನ್ನೊಂದು ಗಂಟೆಯ ಬಿಸಿಲು. ಹಸಿರು ಹಾಸು ತೊಟ್ಟಿಯಿಂದ ಇಗರ್ಜಿ ಮೆಟ್ಟಿಲವರೆಗೆ. ದೊಡ್ಡಮ್ಮ ಮೂರನೇ ಕೊಡ ನೀರು ಚಿಮುಕಿಸಿದ್ದಳು. ಸೋಂಪಿನ ವಾಸನೆ ಎಲ್ಲ ಕಡೆ. ಕಟ್ಟೆ ಮೇಲೆ ನಾನು, ಪಕ್ಕದಲ್ಲಿ ಪಾದ್ರಿಗಳು, ಆ ಕಡೆ ದೊಡ್ಡಮ್ಮ. ಕೆಳಗೆ ಇಡೀ ಊರು, ಎಲ್ಲರ ಮುಖ ನಮ್ಮ ಕಡೆಗೇ.

ಹಾರ್ನ್ ಕೇಳಿತು. ಗುಡ್ಡದ ಅಂಚಿನಲ್ಲಿ ಬಂದ. ಒಬ್ಬನೇ! ಎರಡನೆಯವನು ಬಹಳ ಹಿಂದೆ.

ಕೈ ಗದ್ದಕ್ಕೆ ಹೋಯಿತು. ತುದಿ ಬೆರಳಿಗೆ ಸಿಕ್ಕಿತು. ಹಿಡಿದುಕೊಂಡೆ. ಆಗ ಪಾದ್ರಿಗಳು ನನ್ನ ಕಡೆ ತಿರುಗಿದರು. ಸುಮ್ಮನೆ ತಿರುಗಿದರು, ಅಷ್ಟೆ. ಬಹುಶಃ ಜಲದ ಪಾತ್ರೆ ಹಿಡಿದುಕೋ ಎನ್ನಲು.

ಅಣ್ಣ ತಲೆ ಎತ್ತಿ ನನ್ನನ್ನು ನೋಡಿದ. ಕೆಂಪು ತಲೆ ಮೇಲೇ ಇತ್ತು. ಅವನು ನಕ್ಕ. ಹ್ಯಾಂಡಲ್ ಮೇಲೆ ಇನ್ನೂ ಬಗ್ಗಿದ.

ಸದ್ದು ದೊಡ್ಡದೇನಲ್ಲ. ಸೊಪ್ಪಿನ ಮೇಲೆ ಒದ್ದೆ ಬಟ್ಟೆ ಎಳೆದ ಹಾಗೆ. ಆಮೇಲೆ ತೊಟ್ಟಿಯ ಕಲ್ಲಿಗೆ ಮೊಣಕಾಲು.

ಎರಡನೆಯವನು ಜನರ ಕಿರುಚಾಟ ಕೇಳಿ ನಿಧಾನಿಸಿದ, ಒಂದು ಕಾಲು ನೆಲಕ್ಕಿಟ್ಟು ಸೊಪ್ಪು ದಾಟಿದ. ಅವನೇ ಗೆದ್ದನಂತೆ.

ಅಣ್ಣನನ್ನು ಬಾಗಿಲಹಲಗೆ ಮೇಲೆ ಎತ್ತಿಕೊಂಡು ಹೋಗುವಾಗಲೂ ನನ್ನ ಕೈ ಗದ್ದದ ಕೆಳಗೇ ಇತ್ತು.

ಆಗಸ್ಟ್ 25

ಆಸ್ಪತ್ರೆಗೆ ಹೋಗಿ ಬಂದೆವು. ಮೊಣಕಾಲು ಇನ್ನು ಮಡಚುವುದಿಲ್ಲ. ಕೋಲು ಹಿಡಿದು ನಡೆಯಬಹುದಂತೆ. ಡಾಕ್ಟರು ಇದನ್ನು ಅಮ್ಮನಿಗೆ ಎರಡು ಸಲ ಹೇಳಬೇಕಾಯಿತು.

ಪೋರ್ತೊದವರು ಎರಡನೆಯವನನ್ನು ಕರೆದುಕೊಂಡು ಹೋದರು. "ವೇಗ ಇದೆ, ಬುದ್ಧಿ ಇಲ್ಲ. ತಿರುವು ನೋಡಿ ಓಡಿಸಕ್ಕೆ ಬರದೋನು," ಎಂದು ಅಣ್ಣನ ಬಗ್ಗೆ ಹೇಳಿದರಂತೆ. ಊರಿನವರೂ ಅದನ್ನೇ ಹೇಳುತ್ತಿದ್ದಾರೆ. ಸೊಪ್ಪಿನ ಮಾತು ಯಾರ ಬಾಯಲ್ಲೂ ಇಲ್ಲ. ಪಾದ್ರಿಗಳ ಪವಿತ್ರ ಜಲ ಬಿದ್ದ ಸೊಪ್ಪು. ಅದನ್ನು ಯಾರು ದೂರುತ್ತಾರೆ?

ಅಮ್ಮ ಇಗರ್ಜಿಯಲ್ಲಿ ಮೇಣದಬತ್ತಿ ಹಚ್ಚಿದಳು. ಯಾಕೆ ಎಂದು ಕೇಳಿದೆ.

"ಈ ಕಾಲು ನೋಡಿ ಸೈನ್ಯದೋರು ಅಂಗೋಲಾ ಯುದ್ಧಕ್ಕೆ ಕರ್ಯಲ್ಲ ಕಣೇ. ಮಗ ಮನೇಲಿ ಉಳ್ದ."

ಅವಳ ಮುಖ ನೋಡಲಾಗಲಿಲ್ಲ.

ಸೆಪ್ಟೆಂಬರ್ 15

ಅಣ್ಣ ಮನೆಗೆ ಬಂದ. ಕಿಟಕಿ ಪಕ್ಕ ಹಾಸಿಗೆ. ದೊಡ್ಡಮ್ಮ ದಿನಾ ಕೋಳಿಸಾರು ತರುತ್ತಾಳೆ, ಅವನ ತಲೆ ಸವರಿ ಅಳುತ್ತಾಳೆ.

"ಯಾಕಪ್ಪಾ ಅಷ್ಟು ಜೋರಾಗಿ ಬಂದೆ? ಅಷ್ಟು ಚೆಂದ ಹಾಸಿದ್ವಿ ನಿಂಗೆ ಅಂತ."

"ತಪ್ಪಾಯ್ತು ದೊಡ್ಡಮ್ಮ. ಅವಸರಕ್ಕೆ ಬಿದ್ದೆ," ಎಂದ.

ನಾನು ಬಾಗಿಲ ಹತ್ತಿರ ತಟ್ಟೆ ಹಿಡಿದು ನಿಂತಿದ್ದೆ. ನನ್ನ ಕಡೆ ನೋಡಲಿಲ್ಲ. ಬಂದ ದಿನದಿಂದ ನನ್ನ ತಲೆಯ ಕಡೆ ನೋಡುವುದಿಲ್ಲ. ಮಾತಾಡುವಾಗ ಕೈ ನೋಡುತ್ತಾನೆ, ಇಲ್ಲ ಕಿಟಕಿ.

ಕೆಂಪು ವಸ್ತ್ರವನ್ನು ಒಲೆಗೆ ಹಾಕಿದೆ. ರೊಟ್ಟಿ ಒಲೆ ದೊಡ್ಡದು. ಒಂದು ಕ್ಷಣ.

ಅಕ್ಟೋಬರ್ 6. ಭಾನುವಾರ, ಮಧ್ಯಾಹ್ನ

ಇವತ್ತು ಎಲ್ಲರೂ ಪೂಜೆಗೆ ಹೋಗಿದ್ದರು. ನಾನು ಹೋಗಲಿಲ್ಲ. ಅವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ. ಮರದ ಕೊರಡು ತಿಕ್ಕಿದ ಹಾಗೆ.

ಅವನು ದಿಂಬಿನ ಕೆಳಗಿನಿಂದ ತಿರುವಿನ ಚೀಟಿ ತೆಗೆದ. ಹ್ಯಾಂಡಲ್‌ಗೆ ಅಂಟಿಸಿದ್ದು. ಮೂಲೆ ಹರಿದಿದೆ.

"ಚೆನ್ನಾಗಿ ಬರ್ದಿದ್ದೆ ಕಣೇ. ಇಪ್ಪತ್ತು ತಿರುವು, ಒಂದೂ ತಪ್ಪಿಲ್ಲ. ವಿಧವೆ ನಾಯಿ ಕೂಡ ಬಂತು." ನಗುವ ಹಾಗೆ ಮಾಡಿದ.

ನಾನು ಎಣ್ಣೆ ತಿಕ್ಕುತ್ತಲೇ ಇದ್ದೆ.

ಕಿಟಕಿ ನೋಡುತ್ತಾ ಹೇಳಿದ. "ತಿನಾ. ಆವತ್ತು ನಿನ್ನ ಕೈ ಗಂಟಿನ ಮೇಲಿತ್ತು. ನೋಡ್ದೆ."

ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟೆ.

"ಬೆವರಿಗೆ ಬಿಗ್ದಿತ್ತೇನೋ. ಎಳೆದ್ರೂ ಬರ್ಲಿಲ್ಲ, ಅಲ್ವಾ?"

ಕಾಯುತ್ತಿದ್ದ. ಅಣ್ಣ ನನ್ನ ಉತ್ತರಕ್ಕೆ ಅಷ್ಟು ಹೊತ್ತು ಕಾದದ್ದು ಇದೇ ಮೊದಲು.

"ಹೂಂ," ಅಂದೆ. "ಬರ್ಲಿಲ್ಲ."

"ಅದೇ ಅಂದ್ಕೊಂಡೆ," ಅಂದ. ಚೀಟಿ ಮಡಚಿ ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿಕೊಂಡ.

ಆ ಗಂಟು ಬಿಗಿಯುವುದಿಲ್ಲ. ಅವನೇ ಕಲಿಸಿದ್ದು. ಕಲ್ಲಿನ ಭಾರಕ್ಕೂ ಬಿಗಿಯದ ಗಂಟು, ಒಂದು ಸಲ ಎಳೆದಿದ್ದರೆ ಬರುತ್ತಿತ್ತು. ನಾನು ಎಳೆಯಲಿಲ್ಲ.