ನಲವತ್ತೊಂದನೇ ವಿಮಾನದ ನೆಲ ಬಿಚ್ಚಿಸಿ

ವಿಮಾನ ಹಾರಬಹುದು ಅಂತ ಸೀಲು ಒತ್ತುವ ಕಚೇರಿಯ ದೊಡ್ಡ ಕುರ್ಚಿಯಲ್ಲಿ ಕೂತಿರುವ ಮಾನ್ಯರೇ,

ನಿಮ್ಮ ಸೀಲು ಬಿದ್ದು ಹಾರ್ತಾ ಇರೋ ನಲವತ್ತೊಂದನೇ ಸರಕು ವಿಮಾನದ ನೆಲದ ಕೆಳಗೆ ಒಂದೂವರೆ ಕೆಜಿ ಕಬ್ಬಿಣದ ಗಟ್ಟಿಯೊಂದು ಬಿದ್ದಿದೆ. ಅದನ್ನ ಅಲ್ಲಿ ಬಿಟ್ಟುಬಂದವನು ನಾನೇ. ಎರಡು ತಿಂಗಳಿಂದ ಈ ಮಾತು ಹೇಳ್ಕೊಂಡು ನಿಮ್ಮ ಕಚೇರಿಯ ಕಿಟಕಿ ಕಿಟಕಿ ಅಲೆದೆ. ಕಳ್ಳತನ ಮಾಡಿದೋನು ತಾನಾಗೇ ಬಂದು ಕೈ ಮುಂದೆ ಚಾಚಿದ್ರೂ ಬೇಡಿ ಹಾಕೋಕೆ ಯಾರೂ ಸಿಗದಂಥ ಕಚೇರಿ ನಿಮ್ಮದೊಂದೇ ಇರಬೇಕು. ಅದಕ್ಕೇ ಪೇಪರಿನಲ್ಲಿ ಬರೀತಾ ಇದೀನಿ. ನಾನು ಓದಿದ್ದು ಆರನೇ ಕ್ಲಾಸು. ಕಾಗುಣಿತ ನನ್ನ ಮಗಳು ತಿದ್ದಿದ್ದಾಳೆ. ಸಿಟ್ಟನ್ನ ತಿದ್ದಬೇಡ ಕಣಮ್ಮ ಅಂತ ಹೇಳಿದ್ದೀನಿ.

ನನ್ನ ಕೆಲಸ ಏನು ಅಂತ ನಿಮಗೆ ಗೊತ್ತಿರಲಾರದು, ನಿಮ್ಮ ರೂಮಿನ ಕಾರ್ಪೆಟ್ಟಿನ ತನಕ ಅದರ ಸದ್ದು ಬರಲ್ಲ. ರಿವೆಟ್ ಹೊಡೆಯೋಕೆ, ಅಂದ್ರೆ ತಗಡಿಗೆ ತಗಡು ಸೇರಿಸೋ ಮೊಳೆ ಹೊಡೆಯೋಕೆ, ಇಬ್ಬರು ಬೇಕು ಸ್ವಾಮಿ. ಒಬ್ಬ ಹೊರಗೆ ನಿಂತು ಗನ್ನಿನಿಂದ ಹೊಡೀತಾನೆ. ಇನ್ನೊಬ್ಬ ಒಳಗೆ ಕೂತು ಹಿಂದಿನಿಂದ ಕಬ್ಬಿಣದ ಗಟ್ಟಿ ಒತ್ತಿ ಹಿಡೀತಾನೆ. ಆಗಲೇ ರಿವೆಟ್ಟಿನ ಬಾಲ ಚಪ್ಪಟೆಯಾಗಿ ತಗಡು ತಗಡನ್ನ ಕಚ್ಚೋದು. ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. ಒಳಗಿನೋನು ಒಂದು ಸಲ ತಟ್ಟಿದ್ರೆ ಸರಿಯಾಯ್ತು ಅಂತ, ಎರಡು ಸಲ ತಟ್ಟಿದ್ರೆ ಇನ್ನೊಂದು ಏಟು ಹೊಡಿ ಅಂತ. ಹತ್ತೊಂಬತ್ತು ವರ್ಷದಿಂದ ನಾನು ಒಳಗಿನೋನು. ದೇವರು ನನ್ನ ಕುಳ್ಳ ಮಾಡಿದ್ದೇ ವಿಮಾನದ ಬಾಲದೊಳಗೆ ತೂರೋಕೆ ಅಂತ ಶೆಡ್ಡಿನಲ್ಲಿ ಎಲ್ಲರೂ ನಗಾಡ್ತಾರೆ. ನಾನೂ ನಗ್ತೀನಿ. ಹೊರಗಿನ ನನ್ನ ಜೋಡಿಗೆ ನಾವು ಇಟ್ಟ ಹೆಸರು ಗುಡುಗು. ಅವನ ಹೆಂಡ್ತಿ ಹೇಳೋ ಪ್ರಕಾರ ಮನೇಲಿ ಅವನಿಗೆ ಎರಡು ಸಲ ತಟ್ಟಿದ್ರೂ ಕೇಳಿಸಲ್ಲವಂತೆ.

ನಮ್ಮಲ್ಲಿ ಒಂದು ಪದ್ಧತಿ ಇದೆ. ಗೋಡೆ ಮೇಲೆ ದೊಡ್ಡ ಬೂದು ಹಲಗೆ, ಅದರ ಮೇಲೆ ಒಂದೊಂದು ಸಾಮಾನಿನ ಆಕಾರವನ್ನೂ ಕಪ್ಪು ಬಣ್ಣದಲ್ಲಿ ಬರೆದಿರ್ತಾರೆ. ಸುತ್ತಿಗೆ ನೇತುಹಾಕೋ ಕಡೆ ಸುತ್ತಿಗೆಯ ನೆರಳು, ಗಟ್ಟಿ ಇಡೋ ಕಡೆ ಗಟ್ಟಿಯ ನೆರಳು. ಕೆಲಸ ಮುಗಿದಾಗ ಯಾವ ನೆರಳಾದ್ರೂ ಖಾಲಿ ಕಂಡ್ರೆ ಯಾರೂ ಮನೆಗೆ ಹೋಗೋ ಹಾಗಿಲ್ಲ, ವಿಮಾನ ಶೆಡ್ಡು ದಾಟೋ ಹಾಗಿಲ್ಲ. ನಿಮ್ಮ ಕಚೇರಿಯದೇ ನಿಯಮ, ಒಳ್ಳೇ ನಿಯಮ. ಒಂದು ಸಲ ಒಂದು ಸ್ಕ್ರೂಡ್ರೈವರಿಗಾಗಿ ಎಂಬತ್ತು ಜನ ಎರಡು ಗಂಟೆ ಹೊತ್ತು ಮೊಣಕಾಲ ಮೇಲೆ ಹುಡುಕಿದ್ವಿ. ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? "ಹುಡುಕ್ರೋ ಹುಡುಕ್ರೋ" ಅಂತ ಕೂಗ್ತಾ ಇದ್ದ ನಮ್ಮ ಮೇಸ್ತ್ರಿಯ ಹಿಂದಿನ ಜೇಬಿನಲ್ಲಿ. ಆವತ್ತು ಬೈದ್ವಿ, ನಕ್ವಿ, ಮನೆಗೆ ಹೋಗಿ ನೆಮ್ಮದಿಯಾಗಿ ಉಂಡ್ವಿ.

ಆಮೇಲೆ ಬಂತು ಈ ಸರಕಿನ ಸುಗ್ಗಿ. ಬಂದರಿನ ಹೊರಗೆ ಹಡಗುಗಳು ಸಾಲುಗಟ್ಟಿ ನಿಂತುಬಿಟ್ಟವು, ಜನಕ್ಕೆ ಮಾತ್ರ ಇವತ್ತು ಕೇಳಿದ ಬೂಟು ನಾಳೆ ಬಾಗಿಲಿಗೆ ಬರಬೇಕು. ಎಲ್ಲಾ ಆಕಾಶದಲ್ಲೇ ಹೋಗಲಿ ಅಂದರು. ಹಳೇ ಪ್ರಯಾಣಿಕರ ವಿಮಾನ ತಂದು ಸೀಟು ಕಿತ್ತು, ಪಕ್ಕೆಯಲ್ಲಿ ದೊಡ್ಡ ಬಾಗಿಲು ಕೊರೆದು, ಗಟ್ಟಿ ನೆಲ ಹಾಕಿ ಸರಕಿನ ವಿಮಾನ ಮಾಡೋದು ನಮ್ಮ ಕೆಲಸ. ನಾಲ್ಕು ತಿಂಗಳಿಗೆ ಮುಗೀತಿದ್ದದ್ದು ಎರಡಕ್ಕೆ ಬಂತು. ಸುಗ್ಗಿ ಮುಗಿಯೋ ತನಕ ಯಾರೂ ರಜೆ ಕೇಳಬಾರದು, ಕೆಲಸ ಬಿಡಬಾರದು ಅಂತ ಮೇಲಿನಿಂದ ಆದೇಶವೂ ಬಂತು. ನಾನು ವಿಮಾನದ ಬಾಲದೊಳಗೆ ಸಿಕ್ಕಿಹಾಕ್ಕೊಂಡಿದ್ದೀನಿ ಅಂದುಕೊಂಡಿದ್ದೆ. ಹೊರಗೆ ಬಂದು ನೋಡಿದ್ರೆ ಹೊರಗಿನೋರೂ ಹಾಗೇ ಸಿಕ್ಕಿಹಾಕ್ಕೊಂಡಿದ್ದರು.

ಆವತ್ತು ನನ್ನ ಹತ್ತಿರ ಎರಡು ಗಟ್ಟಿ ಇದ್ದವು, ಒಂದು ನೇರದ್ದು, ಒಂದು ಮೂಲೆಗೆ ಅಂತ ಬಾಗಿದ್ದು. ನಲವತ್ತೊಂದರ ಬಾಲದ ಕಡೆ ನೆಲದ ಕೆಳಗೆ ಮಲಗಿದ್ದೆ. ಬೆವರು ಒರೆಸಿಕೊಳ್ಳೋಕೆ ಬಾಗಿದ್ದನ್ನ ಪಕ್ಕಕ್ಕಿಟ್ಟೆ. ಅಷ್ಟರಲ್ಲಿ ಮೇಸ್ತ್ರಿ ನನ್ನ ಕಾಲು ಹಿಡಿದು ಎಳೆದ. "ಬಿಡೋ ಮಾರಾಯ, ನಲವತ್ತೆರಡಕ್ಕೆ ಬಾ, ಅಲ್ಲಿ ಗನ್ನಿನೋನು ಕಾಯ್ತಾ ಇದಾನೆ!" ಓಡಿದೆ. ಸಂಜೆ ಹಲಗೆ ಮುಂದೆ ನಿಂತಾಗ ಬಾಗಿದ ಗಟ್ಟಿಯ ನೆರಳು ಖಾಲಿ. ನೇರ ಮೇಸ್ತ್ರಿ ಹತ್ತಿರ ಹೋದೆ.

"ನಲವತ್ತೊಂದರಲ್ಲಿ ಬಿಟ್ಟಿದ್ದೀನಿ ಮೇಸ್ತ್ರಿ."

"ಅದರ ನೆಲ ಮುಚ್ಚಿ ಆಯ್ತಲ್ಲಪ್ಪ. ಪೇಂಟಿಗೆ ಹೋಗಿದೆ."

"ಪೇಂಟ್ ಶೆಡ್ಡು ನೂರು ಹೆಜ್ಜೆ. ನಾನೇ ಬಿಚ್ತೀನಿ, ನಾನೇ ಮುಚ್ತೀನಿ."

"ಒಂದು ದಿನ ಹೋಗುತ್ತೆ. ಒಂದು ದಿನ ನನ್ನ ಹತ್ತಿರ ಎಲ್ಲಿದೆ? ನನ್ನ ತಲೆ ಮೇಲೂ ಒಬ್ಬ ಕೂತಿದಾನೆ ಕಣೋ." ಅವನ ಮುಖ ನೋಡಿದ್ರೆ ಅಳೋ ಹಾಗಿತ್ತು. ಬೆಳಿಗ್ಗೆ ನೋಡೋಣ ಅಂದ.

ಬೆಳಿಗ್ಗೆ ನೋಡಿದೆ ಮಾನ್ಯರೇ. ಗಟ್ಟಿ ಹುಡುಕಿರಲಿಲ್ಲ. ಹಲಗೆ ಮೇಲಿನ ಗಟ್ಟಿಯ ನೆರಳಿನ ಮೇಲೆ ಬೂದು ಬಣ್ಣ ಬಳಿದುಬಿಟ್ಟಿದ್ದರು! ಬಣ್ಣ ಇನ್ನೂ ಹಸಿಯಾಗೇ ಇತ್ತು, ಮುಟ್ಟಿದ್ರೆ ಬೆರಳಿಗೆ ಅಂಟ್ತು. ನೆರಳೇ ಇಲ್ಲ ಅಂದಮೇಲೆ ಖಾಲಿ ಎಲ್ಲಿಂದ ಬರುತ್ತೆ? ಎಂಥ ತಲೆ ನೋಡಿ! ನನ್ನ ಸಾಲವನ್ನೂ ಹೀಗೇ ಯಾರಾದ್ರೂ ಬಳಿದುಬಿಟ್ಟಿದ್ರೆ ಅಂತ ಆಸೆಯಾಯ್ತು. ಹತ್ತು ಗಂಟೆಗೆ ನಿಮ್ಮ ಕಚೇರಿಯ ತಪಾಸಣೆ ಸಾಹೇಬರು ಬಂದರು. ಹಲಗೆ ನೋಡಿದರು. "ಶಭಾಶ್, ಎಲ್ಲಾ ಭರ್ತಿ" ಅಂದರು. ನಾನು ಬಾಯಿ ಬಿಡೋಷ್ಟರಲ್ಲಿ ಸಹಿಯಾಗಿ, ಟೀ ಕೂಡ ಕುಡಿದಾಗಿತ್ತು. ಸಾಹೇಬರೇ, ಬೂದು ಬಣ್ಣ ಒಣಗೋ ತನಕವಾದ್ರೂ ನಿಮ್ಮ ಸೀಲು ಕಾಯಬಾರದಿತ್ತೇ?

ಅದೊಂದು ಮೂಲೆಯಲ್ಲಿ ಸಿಕ್ಕಿಕೊಂಡು ಬಿದ್ದಿರುತ್ತೆ, ಕದಲಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಮೂರು ವಾರ ಆ ಸಮಾಧಾನದಲ್ಲೇ ಇದ್ದೆ, ಮುಚ್ಚುಮರೆ ಇಲ್ಲದೆ ಹೇಳ್ತೀನಿ. ಒಂದು ಭಾನುವಾರ ಮಧ್ಯಾಹ್ನ ನನ್ನ ಹೆಂಡತಿಯ ತಮ್ಮ ಊಟಕ್ಕೆ ಬಂದ. ಅವನು ಸರಕು ವಿಮಾನದ ಪೈಲಟ್ಟು. ನಮ್ಮ ಮನೆತನದಲ್ಲಿ ಮೇಲಕ್ಕೆ ಹೋದೋನು ಅವನೊಬ್ಬನೇ, ನಾನು ಅವನ ಕೆಳಗೆ ತೂರೋನು. ತಟ್ಟೆಗೆ ಕೈ ಹಾಕಿ ನಗ್ತಾ ಕೇಳಿದ:

"ಏನ್ ಭಾವ, ನನ್ನ ವಿಮಾನದೊಳಗೆ ಕೂತು ತಟ್ತಾ ಇದೀಯಾ? ಇಳಿಯುವಾಗೆಲ್ಲಾ ಹಿಂದೆ ಟಕ್ ಅನ್ನುತ್ತೆ."

"ಯಾವ ವಿಮಾನ?"

"ನಲವತ್ತೊಂದು."

ನನ್ನ ಕೈಲಿದ್ದ ಲೋಟ ಕೆಳಗಿಟ್ಟೆ. "ಒಂದು ಸಲವೋ, ಎರಡು ಸಲವೋ?" ಅಂತ ಕೇಳಿದೆ. ಯಾಕೆ ಹಾಗೆ ಕೇಳಿದೆನೋ ಗೊತ್ತಿಲ್ಲ. ಹೆಂಡತಿ ನನ್ನ ಮುಖ ನೋಡಿದಳು. "ಏನ್ರೀ? ಏನಾಯ್ತು? ಹೇಳ್ರೀ." ಎಲ್ಲಾ ಹೇಳಿದೆ. ಆ ನೆಲದ ಕೆಳಗೇ ಬಾಲದ ರೆಕ್ಕೆ ಆಡಿಸೋ ತಂತಿಹಗ್ಗಗಳು ಹಾದುಹೋಗ್ತವೆ, ಗಟ್ಟಿ ಅದರಲ್ಲಿ ಸಿಕ್ಕಿಕೊಂಡ್ರೆ ವಿಮಾನ ಪೈಲಟ್ಟಿನ ಮಾತು ಕೇಳಲ್ಲ ಅಂತಲೂ ಹೇಳಿದೆ. ಅವನು ಅಗಿಯೋದನ್ನ ನಿಲ್ಲಿಸಿದ.

"ಹಾರಲ್ಲ ಅನ್ನು" ಅಂದಳು ಅವನ ಅಕ್ಕ.

"ಕಾರಣ ಬರೀಬೇಕಲ್ಲ ಅಕ್ಕ. ಸದ್ದು ಬರುತ್ತೆ ಅಂತ ಆಗಲೇ ಬರೆದಿದ್ದೀನಿ. ಸರಕು ಕದಲಿದ ಸದ್ದು ಅಂತ ಬರೆದು ಆ ದೂರು ಮುಚ್ಚಿದರು."

"ಬರೆಯೋದು ಬೇಡ, ಹುಷಾರಿಲ್ಲ ಅಂತ ಮಲಕ್ಕೋ."

"ನಾನು ಇಳಿದ್ರೆ ಇನ್ನೊಬ್ಬ ಹತ್ತುತ್ತಾನೆ. ಆ ಸದ್ದು ಏನು ಅಂತ ಅವನಿಗೆ ಗೊತ್ತಿರಲ್ಲ. ನನಗಾದ್ರೂ ಗೊತ್ತು. ಮೆಲ್ಲಗೆ ಇಳಿಸ್ತೀನಿ." ಎದ್ದು ಕೈ ತೊಳೆದ. ಅನ್ನ ಅರ್ಧ ಹಾಗೇ ಉಳೀತು. ಅವನನ್ನ ಎತ್ತಿ ಬೆಳೆಸಿದ ನನ್ನ ಹೆಂಡತಿ ಆ ತಟ್ಟೆಯನ್ನ ಸಂಜೆ ತನಕ ತೆಗೆಯಲಿಲ್ಲ.

ಮಾರನೇ ದಿನದಿಂದ ನಿಮ್ಮ ಕಚೇರಿ ನನ್ನ ಎರಡನೇ ಮನೆಯಾಯ್ತು. ಒಂದನೇ ಕಿಟಕಿಯಲ್ಲಿ ಹೇಳಿದರು, ಹಾರ್ತಾ ಇರೋ ವಿಮಾನದ ನೆಲ ಬಿಚ್ಚೋಕೆ ನಮ್ಮ ಅನುಮತಿ ಬೇಕು, ಅನುಮತಿಗೆ ಸಾಮಾನು ಕಳೆದಿದೆ ಅನ್ನೋ ಪತ್ರ ಬೇಕು. ಪತ್ರಕ್ಕೆ ನಮ್ಮ ಉಗ್ರಾಣಕ್ಕೆ ಹೋದೆ. ಉಗ್ರಾಣದೋನು ಹಲಗೆ ತೋರಿಸಿದ: "ಬಾಗಿದ ಗಟ್ಟಿ ಅಂತ ನಮ್ಮಲ್ಲಿ ಇರಲೇ ಇಲ್ಲವಲ್ಲಣ್ಣ. ಇಲ್ಲದ್ದು ಹೆಂಗೆ ಕಳೆಯುತ್ತೆ?" ವಾಪಸ್ಸು ಬಂದೆ. ಮೂರನೇ ಕಿಟಕಿಯ ಅಮ್ಮ ಪಾಪ ಒಳ್ಳೆಯೋರು, ಪೂರ್ತಿ ಕೇಳಿದರು. ಕೇಳಿ, "ಇಷ್ಟು ಸಲ ಹಾರಿ ಏನೂ ಆಗಿಲ್ಲವಲ್ಲ" ಅಂದರು. ಅಮ್ಮಾ, ಏನಾದ್ರೂ ಆದಮೇಲೆ ಬಂದ್ರೆ ಯಾವ ಕಿಟಕಿಗೆ ಬರಬೇಕು? ಅದಕ್ಕೂ ಒಂದು ಫಾರಂ ಇದೆಯಾ?

ಮಾನ್ಯರೇ, ಕೆಲಸ ಬಿಟ್ಟು ನೆಮ್ಮದಿಯಾಗಿರೋಣ ಅಂದ್ರೆ ಆದೇಶ ಬಿಡಲ್ಲ. ನಾನೇ ಕದ್ದು ಒಳಗೆ ಹೋಗಿ ಬಿಚ್ಚೋಣ ಅಂದ್ರೆ ಕಾವಲಿನೋನು ಬಿಡಲ್ಲ. ಈಗ ಶೆಡ್ಡಿನಲ್ಲಿ ಒಂದೊಂದು ವಿಮಾನದ ಬಾಲದೊಳಗೆ ಹೋಗಿ ಮಲಗಿದಾಗಲೂ ಗುಡುಗಿನ ಏಟು ಕೇಳಿಸುತ್ತೆ, ಅದರ ಮಧ್ಯೆ ಭಾಮೈದ ಎಲ್ಲೋ ಇಳೀತಾ ಇದಾನೇನೋ ಅಂತ ಇನ್ನೊಂದು ಸದ್ದಿಗೆ ಕಿವಿ ಕೊಡ್ತೀನಿ. ಜೋಕು ಹೇಳೋದು ನಿಂತಿಲ್ಲ. ನಿಂತ್ರೆ ಗುಡುಗು ಗಾಬರಿಯಾಗ್ತಾನೆ.

ಬರೋ ಗುರುವಾರ ಬೆಳಿಗ್ಗೆ ನಲವತ್ತೊಂದು ಚಕ್ರ ಬದಲಾಯಿಸೋಕೆ ನಮ್ಮ ಅಂಗಳಕ್ಕೇ ಬರುತ್ತೆ, ಆರು ಗಂಟೆ ನಿಂತಿರುತ್ತೆ. ನನಗೆ ನಾಲ್ಕು ಗಂಟೆ ಸಾಕು. ಹಿಂದಿನ ಬಾಗಿಲಿಂದ ಎಣಿಸಿ ಏಳನೇ ಅಡ್ಡಪಟ್ಟಿ, ಎಡಗಡೆ. ಅಲ್ಲಿಂದ ಕದಲಿದ್ರೆ ಮಲಗಿ ಹುಡುಕ್ತೀನಿ, ಸಿಗೋ ತನಕ ಹೊರಗೆ ಬರಲ್ಲ. ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್ರು, ನಿಮ್ಮದೊಂದು ಸಹಿ. ಇಷ್ಟೇ ನನ್ನ ಬೇಡಿಕೆ. ಆಮೇಲೆ ಬಿಟ್ಟುಬಂದ ತಪ್ಪಿಗೆ, ಪೇಪರಿಗೆ ಬರೆದ ತಪ್ಪಿಗೆ, ಎರಡಕ್ಕೂ ಸೇರಿಸಿ ನನ್ನನ್ನ ಕೆಲಸದಿಂದ ತೆಗೀರಿ, ಒಂದು ಮಾತೂ ಆಡಲ್ಲ. ಅನುಮತಿ ಕೊಡಲ್ಲ ಅನ್ನೋದಾದ್ರೆ ಆವತ್ತು ನೀವೇ ಆ ವಿಮಾನ ಹತ್ತಿ. ಹಿಂದೆ, ಬಾಲದ ಹತ್ತಿರ, ಸರಕಿನ ಪಕ್ಕ ಒಂದು ಮಡಿಸೋ ಸೀಟಿದೆ. ಅದನ್ನ ನಾನೇ ರಿವೆಟ್ ಹಿಡಿದು ಕೂರಿಸಿದ್ದು, ಗಟ್ಟಿಯಾಗಿದೆ. ನನ್ನ ಭಾಮೈದ ಮೆಲ್ಲಗೆ ಇಳಿಸ್ತಾನೆ.

ಇಂತಿ,
ತನ್ನ ತಪ್ಪನ್ನ ತಾನೇ ಹೊತ್ತುಕೊಂಡು, ಇಳಿಸೋಕೆ ಒಂದು ಕಿಟಕಿ ಹುಡುಕ್ತಾ ಇರೋ,
ಒಳಗಿನೋನು