ಬಟ್ಟೆ ಹೊದ್ದ ಯಂತ್ರ ಅಳೆದ ಗಾಳಿ

ಗಾಳಿಗೆ ಸನ್ನಡತೆಯ ಪ್ರಮಾಣಪತ್ರ ಕೊಟ್ಟ ಮಾನ್ಯ ಕಾರ್ಖಾನೆ ತಪಾಸಣಾಧಿಕಾರಿಗಳೇ,

ಬ್ಯಾಟರಿ ಕಾರ್ಖಾನೆಯ ಪ್ಲೇಟ್ ವಿಭಾಗದಲ್ಲಿ ಕ್ಯಾಡ್ಮಿಯಂ ಧೂಳು ಅಪಾಯದ ಮಟ್ಟ ಮುಟ್ಟಿಲ್ಲ ಎಂದು ಸಹಿ ಹಾಕಿ ನೀವು ಕೈ ತೊಳೆದುಕೊಂಡಿರಿ. ಅಲ್ಲಿ ದುಡಿದ ನನ್ನ ಅಮ್ಮನ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ. ಕಳೆದ ತಿಂಗಳು ಕೆಮ್ಮಿದ ರಭಸಕ್ಕೆ ಅವಳ ಪಕ್ಕೆಲುಬು ಮುರಿಯಿತು. ಕೆಮ್ಮಿಗೆ ಮೂಳೆ ಮುರಿಯುವುದನ್ನು ನಾನು ಯಾವ ಕಾದಂಬರಿಯಲ್ಲೂ ಓದಿರಲಿಲ್ಲ. ಡಾಕ್ಟರು ಬಿಡಿಸಿ ಹೇಳಿದರು: ಉಸಿರಿನ ಜೊತೆ ಒಳಹೊಕ್ಕ ಕ್ಯಾಡ್ಮಿಯಂ ಲೋಹ ಮೂತ್ರಪಿಂಡದಲ್ಲಿ ಬಿಡಾರ ಹೂಡುತ್ತದೆ, ಹತ್ತಾರು ವರ್ಷ ಕದಲುವುದಿಲ್ಲ. ಮೂಳೆಯನ್ನು ಸವೆಸುತ್ತದೆ. ಶ್ವಾಸಕೋಶದ ಕ್ಯಾನ್ಸರಿಗೂ ದಾರಿ ಮಾಡಬಲ್ಲದು.

ನಿಮ್ಮ ಅಳತೆ ಹೇಗೆ ನಡೆಯಿತೆಂದು ಎಲ್ಲರೆದುರು ಹೇಳಲೇ? ಗಾಳಿ ಅಳೆಯುವ ಪೆಟ್ಟಿಗೆಯನ್ನು ಅಮ್ಮನ ಮೇಜಿನ ಮೇಲಿಟ್ಟು ನೀವು ಮ್ಯಾನೇಜರರ ಕೋಣೆಗೆ ಚಹಾಕ್ಕೆ ಹೋದಿರಿ. ಅಮ್ಮ ತನ್ನ ಮುಖಕ್ಕೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ ಅದಕ್ಕೆ ಹೊದಿಸಿದಳು. ತನ್ನ ಮೂಗಿಗಿಂತ ನಿಮ್ಮ ಯಂತ್ರ ದೊಡ್ಡದೆಂದು ಬಗೆದಳು. ಸಂಜೆ ನೀವು ಮರಳಿದಾಗ ಪಕ್ಕದ ಮೇಜಿನಲ್ಲೇ ದುಡಿಯುತ್ತಿದ್ದ ನನ್ನ ಚಿಕ್ಕಮ್ಮನ ಕಿವಿಗೆ ಬಿದ್ದ ಮಾತುಗಳಿವು.

"ಇದೇನಮ್ಮಾ, ಮುಸುಕು ಹಾಕಿದ್ದೀಯ?"

"ದುಬಾರಿ ಸಾಮಾನು ಸಾರ್. ಇಲ್ಲಿಯ ಧೂಳು ಹಿಡಿದ್ರೆ ಕೆಟ್ಟೋಗತ್ತೆ ಅಂತ..."

"ಎಷ್ಟು ಮುತುವರ್ಜಿ ನೋಡ್ರೀ!" ಎಂದು ಮ್ಯಾನೇಜರರ ಕಡೆ ತಿರುಗಿ ನಕ್ಕಿರಿ. ಪೆಟ್ಟಿಗೆ ಎತ್ತಿಕೊಂಡು ಹೋಗಿ, ಆ ಅಳತೆಯನ್ನೇ ವರದಿಗೆ ಏರಿಸಿದಿರಿ.

"ದೊಡ್ಡ ಸಾಹೇಬ್ರು ಹೊಗಳಿದ್ರು ಕಣೇ" ಎಂದು ಅಮ್ಮ ಅಂದು ಮನೆಯಲ್ಲಿ ಬೀಗಿದ್ದಳು. ಅವಳಿಗೆ ತಿಳಿಯಲಿಲ್ಲ, ಸರಿ. ಮೂಗು ಮುಚ್ಚಿದ ಯಂತ್ರಕ್ಕೆ ಧೂಳು ಸಿಗದು ಎಂದು ತಿಳಿಯಲು ನಿಮಗೆ ಇನ್ನೆಷ್ಟು ಪದವಿಗಳು ಬೇಕಿದ್ದವು? ಯಂತ್ರವೇ ಕೆಡುವಷ್ಟು ಧೂಳಿದೆ ಎಂದು ಅವಳೇ ಬಾಯಿಬಿಟ್ಟು ಹೇಳಿದಳಲ್ಲ!

ಈಗ ಅಮ್ಮನ ಕುರ್ಚಿಯಲ್ಲಿ ಚಿಕ್ಕಮ್ಮ ಕೂರುತ್ತಾಳೆ.

"ಬಿಟ್ಬಿಡು ಚಿಕ್ಕಮ್ಮ, ಆ ಕೆಲಸ."

"ಬಿಟ್ಟು? ನಿನ್ನ ಕವಿತೆ ಬೇಯಿಸ್ಕೊಂಡು ತಿನ್ನೋಣ್ವಾ? ಗಾಳಿ ಚೆನ್ನಾಗಿದೆ ಅಂತ ಸರ್ಕಾರನೇ ಹೇಳಿದೆ, ಸುಮ್ನಿರು."

ಕ್ಷಮೆಯ ಹಿರಿಮೆಯನ್ನು ನಾನು ಸಾಹಿತ್ಯದ ಪರೀಕ್ಷೆಗಳಲ್ಲಿ ಪುಟಗಟ್ಟಲೆ ಬರೆದಿದ್ದೇನೆ, ಒಳ್ಳೆಯ ಅಂಕಗಳೂ ಬಂದಿವೆ. ನಿಮಗೆ ಮಾತ್ರ ಅದರಲ್ಲಿ ಒಂದು ಚೂರೂ ಇಲ್ಲ.

ವರದಿಯನ್ನು ಹಿಂದಕ್ಕೆ ಪಡೆಯಿರಿ. ಚಿಕ್ಕಮ್ಮನನ್ನೂ ಉಳಿದವರನ್ನೂ ಸಂಬಳ ಕಡಿತ ಮಾಡದೆ ಆ ಕೋಣೆಯಿಂದ ಹೊರಗೆ ತನ್ನಿ. ಪ್ರತಿಯೊಬ್ಬರ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಆಗದೇ? ಹಾಗಾದರೆ ನಾಳೆಯಿಂದ ಆ ಕುರ್ಚಿಯಲ್ಲಿ ನೀವೇ ಕೂರಿ, ನಿವೃತ್ತಿಯಾಗುವವರೆಗೂ. ಹೊತ್ತು ಹೋಗದಿದ್ದರೆ ನಿಮ್ಮ ವರದಿಯನ್ನೇ ಗಟ್ಟಿಯಾಗಿ ಓದಿಕೊಳ್ಳಿ. ಓದಲು ಬಾಯಿ ತೆರೆಯಲೇಬೇಕಲ್ಲ.

ಇಂತಿ,
ಎದುರು ನಿಂತರೆ ದನಿಯೇ ಹೊರಡದ,
ಪ್ಲೇಟ್ ವಿಭಾಗದವಳ ಮಗಳು